ಪ್ರೇಮಾಬಾಯಿ ಹೇಳದ ಹೆಸರು

ಔರಂಗಾಬಾದಿನ ಗುಲ್‌ಮಂಡಿಯ ಹಿಂದಿನ ಗಲ್ಲಿಯಲ್ಲಿ ಪ್ರೇಮಾಬಾಯಿಯ ಬಾಯಿಗೆ ಹೆದರದವರು ಯಾರೂ ಇರಲಿಲ್ಲ. ಜಗಳಗಂಟಿಯೆಂದು ತಿಳಿಯಬೇಡಿ ಮತ್ತೆ. ಅವಳದು ಮಾತಿನ ಚುರುಕು. ತರಕಾರಿಯವನು ತಕ್ಕಡಿ ಎತ್ತುವ ಮೊದಲೇ ತಟ್ಟೆ ಒತ್ತುವ ಅವನ ಹೆಬ್ಬೆರಳಿನ ಮೇಲೆ ಒಂದು ಮಾತು ಒಗೆದುಬಿಡುತ್ತಿದ್ದಳು. ಅವನು ನಗುತ್ತಲೇ ಇನ್ನೆರಡು ಬದನೆಕಾಯಿ ಹಾಕಿಕೊಟ್ಟು ಮುಂದೆ ಹೋಗುತ್ತಿದ್ದ.

ಮದುವೆ, ಬಸುರಿಯ ಕುಬಸ, ತೊಟ್ಟಿಲು ಏನೇ ಇರಲಿ, ಒಡಪು ಹೇಳುವ ಹೊತ್ತು ಬಂತೆಂದರೆ ಎಲ್ಲರೂ ಅವಳ ಕಡೆಗೇ ನೋಡುತ್ತಿದ್ದರು. ಒಡಪು ಗೊತ್ತಲ್ಲ? ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದ ಹೆಂಗಸು ಎರಡು ಸಾಲು ಪ್ರಾಸ ಕಟ್ಟಿ, ಅದರೊಳಗೆ ಆ ಹೆಸರು ಸೇರಿಸಿ ಹೇಳುವುದು. ಮರಾಠಿಯವರು ಅದನ್ನೇ ಉಖಾಣೆ ಎನ್ನುತ್ತಾರೆ. ಬರೀ ಹೆಸರು ಹೇಳಿದರೆ ಗಂಡನ ಆಯುಷ್ಯಕ್ಕೆ ಕೆಡುಕಂತೆ, ಪ್ರಾಸ ಹಾಕಿ ಹೇಳಿದರೆ ಏನೂ ಆಗುವುದಿಲ್ಲವಂತೆ. ಈ ಕಾನೂನು ಮಾಡಿದ ಪುಣ್ಯಾತ್ಮ ಯಾರೋ, ಸಿಕ್ಕಿದರೆ ನಾಲ್ಕು ಮಾತು ಕೇಳಬೇಕಾಗಿದೆ.

ಪ್ರೇಮಾಬಾಯಿಯ ಒಡಪು ಗಲ್ಲಿಗೆಲ್ಲ ಬಾಯಿಪಾಠವಾಗಿತ್ತು.

"ಜ್ವಾಳದ ರೊಟ್ಟಿ ಮ್ಯಾಲ ಬೆಣ್ಣಿ ಮುದ್ದಿ,
ರೇವಣಪ್ಪನವರಿಗೆ ನಾನೇ ಹೇಳೀನಿ ಬುದ್ಧಿ."

ಹೀಗೆ ಹೇಳಿ ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರೆ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಪಡಸಾಲೆಯಲ್ಲಿ ಗಂಡಸರ ನಡುವೆ ಕೂತ ರೇವಣಪ್ಪನಿಗೆ ಆ ನಗು ಕೇಳಿಸುತ್ತಿತ್ತು, ಒಡಪು ಕೇಳಿಸುತ್ತಿರಲಿಲ್ಲ. ಅವನೆದುರಿಗೆ ಅವಳು ಅದನ್ನು ಒಮ್ಮೆಯೂ ಹೇಳಿದವಳಲ್ಲ. ಮನೆಯಲ್ಲಿ ಅವನು "ಏನ್ರಿ", ಮಗಳ ಮುಂದೆ "ನಿಮ್ಮಪ್ಪ", ನೆರೆಯವರ ಮುಂದೆ "ನಮ್ಮ ಮನಿಯವ್ರು". ರೇವಣಸಿದ್ಧೇಶ್ವರನ ಗುಡಿಗೆ ಹೋಗಬೇಕಾದರೂ "ದೊಡ್ಡ ದೇವ್ರ ಗುಡಿಗಿ ಹೋಗಿ ಬರ್ತೀನಿ" ಎಂದೇ ಹೇಳುತ್ತಿದ್ದಳು. ದೇವರಿಗೂ ಬಿಟ್ಟಿರಲಿಲ್ಲ ಆ ನೇಮ.

ಅವಳ ತವರು ಬೀದರ ಜಿಲ್ಲೆಯ ಭಾಲ್ಕಿ ಸೀಮೆ. ನಿಜಾಮನ ಕಾಲದಲ್ಲಿ ಬೀದರೂ ಔರಂಗಾಬಾದೂ ಒಂದೇ ರಾಜ್ಯವಾದ್ದರಿಂದ ವ್ಯಾಪಾರಕ್ಕೆ, ನೌಕರಿಗೆ ಅಲ್ಲಿಯವರು ಇಲ್ಲಿಗೆ ಬರುವುದು ಪಕ್ಕದೂರಿಗೆ ಬಂದ ಹಾಗೇ ಇತ್ತು. ಹದಿನಾಲ್ಕಕ್ಕೆ ಮದುವೆಯಾಗಿ ಅವಳೂ ಹಾಗೇ ಬಂದಳು. ರೇವಣಪ್ಪ, ವಿಶ್ವನಾಥಪ್ಪನವರ ಅಡತ್ ಅಂಗಡಿಯಲ್ಲಿ ಲೆಕ್ಕ ಬರೆಯುವ ಮುನೀಮ. ಕಾಳುಕಡಿ, ಉಳ್ಳಾಗಡ್ಡಿಯ ಸಗಟು ವ್ಯಾಪಾರ. ವಿಶ್ವನಾಥಪ್ಪನವರೂ ಬೀದರ ಕಡೆಯವರೇ, ಅದೇ ಕುಲ, ಅದೇ ಮಠ. ಮುನೀಮನೆಂದರೆ ಸಾಹುಕಾರನ ಮನೆಯ ಅರ್ಧ ಆಳು, ಅರ್ಧ ನೆಂಟ. ಸಾಹುಕಾರ ಕೆಮ್ಮಿದರೆ ಎದ್ದು ನಿಲ್ಲುವ ಪೈಕಿ ನಮ್ಮ ರೇವಣಪ್ಪ. ಕೆಟ್ಟ ಮನುಷ್ಯನೇನಲ್ಲ. ಹೆಂಡತಿಯ ಮೇಲೆ ಒಂದು ದಿನ ಕೈ ಎತ್ತಿದವನಲ್ಲ, ಅವಳ ಮಾತಿಗೆ ಒಳಗೊಳಗೇ ಖುಷಿಪಡುತ್ತಿದ್ದ.

ಅವರಿಗೆ ಉಳಿದದ್ದು ಒಬ್ಬಳೇ ಮಗಳು, ಸರೋಜಿನಿ. ಕನ್ನಡ ಎಲ್ಲ ತಿಳಿಯುತ್ತಿತ್ತು, ಆಡಲು ಹೋದರೆ ನಡುವೆ ಮರಾಠಿ ನುಗ್ಗುತ್ತಿತ್ತು. ಓದಿನಲ್ಲಿ ಮಾತ್ರ ಭಾರೀ ಜೋರು. ಮುನ್ಸಿಪಾಲ್ಟಿಯ ಹೆಣ್ಣುಮಕ್ಕಳ ಶಾಲೆ ಗಲ್ಲಿಯ ಮೂಲೆಯಲ್ಲೇ ಇತ್ತು, ಆದರೆ ಏಳನೆಯ ಇಯತ್ತೆಗೆ ಮುಗಿದುಹೋಗುತ್ತಿತ್ತು. ಮುಂದೆ ಓದಬೇಕೆಂದರೆ ಬಜಾರು ಹಾಯ್ದು ಹಳೆಯ ಕೋಟೆಯ ದರವಾಜೆಯಾಚೆ ಹೋಗಬೇಕು. "ದೊಡ್ಡಾಕಿ ಆದ ಹುಡುಗಿನ್ನ ನಾ ದರವಾಜಿ ದಾಟಸಂಗಿಲ್ಲ. ಓಣ್ಯಾಗ ಹೈಸ್ಕೂಲ ಬರಲಿ, ಮ್ಯಾಟ್ರಿಕ್ ತನಕ ಓದಸ್ತೀನಿ," ಎಂದಿದ್ದ ರೇವಣಪ್ಪ. ಅವನ ಮಾತಿಗೆ ಅವನು ನಿಲ್ಲುತ್ತಾನೆಂಬುದು ಪ್ರೇಮಾಬಾಯಿಗೆ ಗೊತ್ತಿತ್ತು. ಓಣಿಗೆ ಹೈಸ್ಕೂಲು ಬರಬೇಕು, ಅಷ್ಟೇ. ಆ ವರ್ಷ ಸರೋಜಿನಿ ಏಳನೆಯದರಲ್ಲಿದ್ದಳು.

ಅರವತ್ತರ ದಶಕ ಮುಗಿಯುತ್ತ ಬಂದಿದ್ದ ಆ ಬೇಸಿಗೆಯಲ್ಲೇ ಮುನ್ಸಿಪಾಲ್ಟಿ ಇಲೆಕ್ಷನ್ ಬಂತು. ಆ ವಾರ್ಡಿಗೆ ವಿಶ್ವನಾಥಪ್ಪನವರು ನಿಂತರು. ಎದುರಿಗೆ ನಿಂತವಳು ಶಾಂತಾಬಾಯಿ. ಹೆರಿಗೆ ಆಸ್ಪತ್ರೆಯಲ್ಲಿ ನರ್ಸ್ ಆಗಿ ನಿವೃತ್ತಳಾದ ವಿಧವೆ, ಸೊಲ್ಲಾಪುರದವಳು, ಕನ್ನಡ ಮರಾಠಿ ಎರಡೂ ನೀರು ಕುಡಿದಷ್ಟು ಸಲೀಸು. ಗಲ್ಲಿಯ ಅರ್ಧ ಮಕ್ಕಳು ಅವಳ ಕೈಯಲ್ಲೇ ಹುಟ್ಟಿದ್ದವು, ಸರೋಜಿನಿಯೂ ಸೇರಿ. ಅವಳು ಹಿಡಿದದ್ದು ಒಂದೇ ಮಾತು: ಗಂಡುಹುಡುಗರಿಗೆ ವಾರ್ಡಿನಲ್ಲಿ ಹೈಸ್ಕೂಲು ಇದೆ, ಹೆಣ್ಣುಮಕ್ಕಳಿಗೂ ಬೇಕು.

ವಿಶ್ವನಾಥಪ್ಪನವರೇನು ಸಮಾನತೆ ಬೇಡ ಎಂದರೇ? ಛೇ, ಹಾಗೆ ಯಾರು ಹೇಳುತ್ತಾರೆ. ಮಾರುತಿ ಗುಡಿಯ ಮುಂದಿನ ಸಭೆಯಲ್ಲಿ ಶಾಲು ಹೊದ್ದು ನಿಂತು, "ನಮ್ಮಾಗ ಹೆಣ್ಣು ಗಂಡು ಭೇದ ಎಂದೂ ಇಲ್ಲ. ಎಂಟನೂರು ವರ್ಷದ ಹಿಂದೇ ಇಬ್ಬರ ಕೊಳ್ಳಾಗೂ ಒಂದೇ ಲಿಂಗ ಕಟ್ಟೀವಿ. ಹೊಸದಾಗಿ ಯಾರೂ ಬಂದು ನಮಗ ಕಲಸೂದು ಬ್ಯಾಡ. ಹೈಸ್ಕೂಲಿನ ರೊಕ್ಕದಾಗ ಗಟಾರ ಕಟ್ಟಸೋಣ," ಎಂದರು. ಚಪ್ಪಾಳೆ ಬಿತ್ತು. ಮರುದಿನ ಅದೇ ಕಟ್ಟೆಯ ಮೇಲೆ ಶಾಂತಾಬಾಯಿ ನಿಂತು, "ಸಾಹುಕಾರ್ರು ಖರೇನ ಹೇಳ್ಯಾರ. ಕೊಳ್ಳಾಗಿಂದು ಇಬ್ಬರಿಗೂ ಒಂದೇ ಅದ. ಕೈಯಾಗಿನ ಪಾಟಿ ಪುಸ್ತಕ ಯಾಕ ಒಂದೇ ಇಲ್ಲಂತ ಕೇಳ್ಲಕ ಬಂದೀನಿ," ಎಂದಳು. ಈ ಸಲ ಚಪ್ಪಾಳೆ ಮಾಳಿಗೆಗಳ ಮೇಲಿಂದ ಬಿತ್ತು, ಬಳೆಯ ಸದ್ದಿನ ಜೊತೆ.

ಪ್ರೇಮಾಬಾಯಿ ಅಂದೇ ನಿರ್ಧಾರ ಮಾಡಿಬಿಟ್ಟಳು. ಗಂಡನಿಗೂ ಮುಚ್ಚಿಡಲಿಲ್ಲ. "ನೀವು ಸಾಹುಕಾರ್ರ ಉಪ್ಪು ತಿಂದೀರಿ, ಅವ್ರಿಗೇ ಹಾಕ್ರಿ. ನಂದು ಶಾಂತಕ್ಕಗ," ಎಂದಳು. ರೇವಣಪ್ಪ ಬೇಡ ಎನ್ನಲಿಲ್ಲ. "ಸಾಹುಕಾರ್ರ ಕಿವಿಗಿ ಬೀಳದಂಗ ಮಾಡು ತಾಯಿ," ಎಂದಷ್ಟೇ ಹೇಳಿ ಟೊಪ್ಪಿಗೆ ಹಾಕಿಕೊಂಡು ಅಂಗಡಿಗೆ ಹೋದ.

ಈಗ ಒಂದು ತೊಡಕಿನ ವಿಷಯ. ವೋಟರ ಯಾದಿಯಲ್ಲಿ ಆ ಗಲ್ಲಿಯಲ್ಲೇ ನಾಲ್ಕು ಜನ ಪ್ರೇಮಾಬಾಯಿಯರಿದ್ದರು, ಕಸ್ತೂರಿಬಾಯಿಯರಿಗಂತೂ ಲೆಕ್ಕವಿರಲಿಲ್ಲ. ಯಾವ ಪ್ರೇಮಾಬಾಯಿ ಎಂದು ತಿಳಿಯಲು ಗಂಡನ ಹೆಸರು ಕೇಳಲೇಬೇಕು. ಹಿಂದಿನ ಇಲೆಕ್ಷನ್ನುಗಳಲ್ಲಿ ಪಕ್ಕದವಳು ಹೇಳುತ್ತಿದ್ದಳು: ಇವಳ ಗಂಡನ ಹೆಸರನ್ನು ಅವಳು, ಅವಳ ಗಂಡನದನ್ನು ಇವಳು. ಈ ಸಲ ವಿಶ್ವನಾಥಪ್ಪನವರ ಕಡೆಯವರು, ಒಬ್ಬರ ಹೆಸರಲ್ಲಿ ಇನ್ನೊಬ್ಬರು ವೋಟು ಹಾಕುತ್ತಾರೆ, ಪ್ರತಿಯೊಬ್ಬಳೂ ತನ್ನ ಬಾಯಿಂದಲೇ ಹೇಳಬೇಕು ಎಂದು ಅರ್ಜಿ ಕೊಟ್ಟರು. ಕಾನೂನು ಕಾನೂನೇ, ಅಧಿಕಾರಿಗಳು ಒಪ್ಪಿದರು. ಯಾರ ವೋಟು ಉದುರಿಸಲು ಈ ಅರ್ಜಿ ಎಂಬುದು ಗಲ್ಲಿಯ ನಾಯಿಗೂ ಗೊತ್ತಿತ್ತು.

ಶಾಂತಾಬಾಯಿ ಅದಕ್ಕೂ ದಾರಿ ಹುಡುಕಿದಳು. ಮಧ್ಯಾಹ್ನ ಗಂಡಸರು ಅಂಗಡಿಯಲ್ಲಿರುವಾಗ ಪ್ರೇಮಾಬಾಯಿಯ ಅಂಗಳದಲ್ಲಿ ಹೆಂಗಸರನ್ನು ಕೂಡಿಸಿ, "ಹಂಗೇ ಹೇಳ್ಲಕ ಬಾಯಿ ಬರಂಗಿಲ್ಲ ಅಂದ್ರ ಒಡಪು ಹಾಕಿ ಹೇಳ್ರಿ. ಸರಕಾರಕ್ಕ ಹೆಸರು ಬೇಕು, ಹೆಂಗ ಹೇಳಿದ್ರೇನು," ಎಂದಳು. ಎಲ್ಲರೂ ಪ್ರೇಮಾಬಾಯಿಯ ಮುಖ ನೋಡಿದರು. ಅವಳು ಒಬ್ಬೊಬ್ಬಳಿಗೂ ಒಂದೊಂದು ಒಡಪು ಕಟ್ಟಿಕೊಟ್ಟಳು. ಬಾಯಿಗೆ ಬರುವವರೆಗೂ ಹೇಳಿಸಿದಳು. ಮನ್ಮಥಪ್ಪನ ಹೆಂಡತಿ ಕಸ್ತೂರಿಬಾಯಿ ಮಹಾ ಪುಕ್ಕಲು. "ಅಕ್ಕಾ, ನೀ ಮುಂದ ನಿಂದ್ರು. ನೀ ಹೇಳಿದ್ದು ಕೇಳಿದ್ರ ನಂಗೂ ಧೈರ್ಯ ಬರ್ತದ," ಎಂದಳು. "ನಾನೇ ಮುಂದ ನಿಂದ್ರತೀನಿ, ನೀವೆಲ್ಲಾ ನನ್ನ ಸೆರಗು ಹಿಡಕೊಂಡು ಬರ್ರಿ," ಎಂದು ನಕ್ಕಳು ಪ್ರೇಮಾಬಾಯಿ.

ವೋಟಿನ ದಿನ ಬೆಳಿಗ್ಗೆ ಹಸಿರು ಇಳಕಲ್ ಸೀರೆ ಉಟ್ಟು ಹೊರಟಳು. ಮಗಳ ಶಾಲೆಯಲ್ಲೇ ಮತಗಟ್ಟೆ. ಹೆಂಗಸರ ಸಾಲು ಗೇಟಿನಾಚೆ ರಸ್ತೆಯವರೆಗೂ ಬೆಳೆದಿತ್ತು. ಮೂಲೆಯ ಉಡುಪಿ ಹೋಟೆಲಿನ ಸದಾನಂದರು ಗಲ್ಲಾದಿಂದಲೇ ಆ ಸಾಲು ನೋಡಿ, ಶಾಂತಾಬಾಯಿ ಗೆದ್ದಳು ಎಂದು ಗಿರಾಕಿಗಳಿಗೆ ಹೇಳಿಬಿಟ್ಟಿದ್ದರಂತೆ.

ಪ್ರೇಮಾಬಾಯಿ ಒಳಗೆ ಕಾಲಿಟ್ಟಳು. ಮೇಜಿನ ಹಿಂದೆ ಜಾಲನಾ ಕಡೆಯ ಎಳೆಯ ಮಾಸ್ತರನೊಬ್ಬ ಯಾದಿ ಹಿಡಿದು ಕೂತಿದ್ದ. ಪಕ್ಕದ ಬೆಂಚಿನ ಮೇಲೆ ಏಜೆಂಟರು. ಶಾಂತಾಬಾಯಿಯ ಏಜೆಂಟ ಬೇರೆ ಓಣಿಯ ಕಾಲೇಜು ಹುಡುಗ, ಅವನಿಗೆ ಈ ಹೆಂಗಸರ ಗುರುತಿಲ್ಲ. ವಿಶ್ವನಾಥಪ್ಪನವರ ಏಜೆಂಟನಾಗಿ ಕೂತವನು ರೇವಣಪ್ಪ.

ಅವಳಿಗೆ ಅದು ಗೊತ್ತಿರಲಿಲ್ಲ. ಅವನಿಗೂ ಗೊತ್ತಾದದ್ದು ಅಂದು ನಸುಕಿನಲ್ಲೇ. ಕೂರಬೇಕಾದವನಿಗೆ ಜ್ವರ ಬಂತೆಂದು ಸಾಹುಕಾರರು ಕರೆಸಿ, "ರೇವಣಪ್ಪಾ, ಇವತ್ತೊಂದು ದಿನ ನೀನು ಯಾರ ಗಂಡನೂ ಅಲ್ಲ, ಯಾರ ಅಪ್ಪನೂ ಅಲ್ಲ. ನನ್ನ ಏಜೆಂಟ," ಎಂದು ಹೇಳಿ ಕೂಡಿಸಿದ್ದರು.

ಮಾಸ್ತರ ಮರಾಠಿಯಲ್ಲಿ ಹೆಸರು ಕೇಳಿದ. ಪ್ರೇಮಾಬಾಯಿ ಎಂದಳು. ಗಂಡನ ಹೆಸರು ಕೇಳಿದ.

ಅವಳು ಸೆರಗು ಸರಿಮಾಡಿಕೊಂಡು ತಲೆ ಎತ್ತಿದಳು. "ಜ್ವಾಳದ ರೊಟ್ಟಿ ಮ್ಯಾಲ ಬೆಣ್ಣಿ ಮುದ್ದಿ," ಎಂದಳು, ದನಿಯೂ ಗಟ್ಟಿಯಾಗಿಯೇ ಬಂತು. ಆಗ ಬೆಂಚಿನ ಮೇಲೆ ಗಂಡ ಕಂಡ. ಒಡಪು ಅಲ್ಲಿಗೇ ನಿಂತಿತು. ಹೆಂಗಸರ ನಡುವೆ ನಗುತ್ತ ಹೇಳುವ ಮಾತದು. ಅವನ ಕಣ್ಣೆದುರಿಗೆ, ಪರಗಂಡಸರ ನಡುವೆ, ಅವನಿಗೇ ಬುದ್ಧಿ ಹೇಳಿದೆ ಎಂದು ಹೇಗೆ ಹೇಳುವುದು?

"ರೊಟ್ಟಿ ಬೆಣ್ಣೆ ಆಮೇಲೆ ಬಾಯಿ, ಮೊದಲು ಗಂಡನ ಹೆಸರು ಹೇಳಿ," ಎಂದ ಮಾಸ್ತರ. ಬಾಗಿಲಲ್ಲಿದ್ದ ಪೊಲೀಸಿನವನು ನಕ್ಕ. ಬೆಂಚಿನ ಮೇಲಿದ್ದವರೂ ನಕ್ಕರು. ರೇವಣಪ್ಪ ನಗಲಿಲ್ಲ, ಕೈಯಲ್ಲಿದ್ದ ಯಾದಿ ನೋಡುತ್ತ ಕೂತಿದ್ದ.

ಮಾಸ್ತರ ಒಳ್ಳೆಯವನೇ. ಅವಳ ಪೇಚಾಟ ನೋಡಿ ಬೆಂಚಿನ ಕಡೆ ತಿರುಗಿ, "ಈ ಬಾಯಿಯವರ ಗುರುತು ನಿಮ್ಮಲ್ಲಿ ಯಾರಿಗಾದರೂ ಇದೆಯೇ? ಏಜೆಂಟರು ಗುರುತು ಹಿಡಿದರೂ ಕಾನೂನಿಗೆ ನಡೆಯುತ್ತದೆ," ಎಂದ.

ಇದೆ ಎಂದರೆ ಸಾಕಿತ್ತು. ಇಪ್ಪತ್ತು ವರ್ಷ ಅವಳ ಕೈಯ ರೊಟ್ಟಿ ತಿಂದ ಬಾಯಿಂದ ಒಂದು ಮಾತು ಬಂದಿದ್ದರೆ ಸಾಕಿತ್ತು. ಪ್ರೇಮಾಬಾಯಿ ಅವನನ್ನೇ ನೋಡುತ್ತ ನಿಂತಳು. ಈಗ ಹೇಳುತ್ತಾರೆ, ಹೇಳಿಯೇ ಹೇಳುತ್ತಾರೆ ಎಂದುಕೊಂಡಳು. ಅವನು ಕೆಮ್ಮಿದ, ಟೊಪ್ಪಿಗೆ ಸರಿಮಾಡಿಕೊಂಡ, ತಲೆ ಎತ್ತಲಿಲ್ಲ.

"ಹಾಗಾದರೆ ಆಚೆ ನಿಂತು ನೆನಪು ಮಾಡಿಕೊಂಡು ಬನ್ನಿ," ಎಂದು ಮಾಸ್ತರ ಮುಂದಿನವರನ್ನು ಕರೆದ. ನೆನಪು ಮಾಡಿಕೊಳ್ಳಬೇಕಂತೆ. ಪ್ರೇಮಾಬಾಯಿಯ ಕಣ್ಣು ಮಂಜಾಯಿತು. ಸೆರಗು ಹಣೆಯ ಮೇಲೆ ಎಳೆದುಕೊಂಡು ಹೊರಗೆ ನಡೆದುಬಿಟ್ಟಳು.

ಮುಂದಿನವಳು ಕಸ್ತೂರಿಬಾಯಿ. ಪ್ರೇಮಕ್ಕನಿಗೇ ಆಗದ್ದು ತನ್ನಿಂದೇನು ಆದೀತು ಎಂದು ಹೊಸ್ತಿಲಿನಿಂದಲೇ ಹಿಂದೆ ಸರಿದಳು. ಅವಳ ಹಿಂದಿನವಳೂ ಸರಿದಳು. "ಒಳಗ ನಗಲಕತ್ತಾರಂತ," ಎಂಬ ಮಾತು ಸಾಲಿನುದ್ದಕ್ಕೂ ಹೋಯಿತು. ಗಟ್ಟಿಗಿತ್ತಿಯರು ಕೆಲವರು ಹೋಗಿ ಹೇಳಿ ಹಾಕಿ ಬಂದರು, ಇಲ್ಲವೆನ್ನುವುದಿಲ್ಲ. ಬಹಳ ಜನ ಮನೆಗೆ ನಡೆದರು. ಬೇರೆ ಮತಗಟ್ಟೆಯಲ್ಲಿದ್ದ ಶಾಂತಾಬಾಯಿ ಸುದ್ದಿ ಕೇಳಿ ಓಡಿ ಬರುವಷ್ಟರಲ್ಲಿ ಅಂಗಳ ಖಾಲಿಯಾಗಿತ್ತು. ಅವಳು ಮನೆಮನೆ ಬಾಗಿಲು ಬಡಿದಳು. ಪ್ರೇಮಾಬಾಯಿಯ ಕದ ತೆರೆಯಲೇ ಇಲ್ಲ.

ಎಣಿಕೆಯ ದಿನ ಊರಿಗೆ ಊರೇ ಬೆರಗಾಯಿತು. ಶಾಂತಾಬಾಯಿ ಗೆಲ್ಲುತ್ತಾಳೆಂದು ಎಷ್ಟು ಖಾತ್ರಿಯಿತ್ತೆಂದರೆ, ಸ್ವತಃ ವಿಶ್ವನಾಥಪ್ಪನವರೇ ಸೋಲಿನ ಮುಖ ಯಾರಿಗೆ ತೋರಿಸುವುದೆಂದು ಖುಲ್ತಾಬಾದಿಗೆ, ಭದ್ರಾ ಮಾರುತಿಯ ದರ್ಶನಕ್ಕೆ ಹೋಗಿ ಕೂತಿದ್ದರು. ಗೆದ್ದ ಮನುಷ್ಯನನ್ನು ಹುಡುಕಿ ತರಲು ಜೀಪು ಕಳಿಸಬೇಕಾಯಿತು. ಸದಾನಂದರ ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತಿದ್ದವರು ಕೈ ನಿಲ್ಲಿಸಿ, ಎಣಿಕೆ ತಪ್ಪಿರಬೇಕು ಎಂದರು. ಇಲ್ಲ, ಪೆಟ್ಟಿಗೆಯೇ ಬದಲಾಗಿದೆ ಎಂದರು ಕೆಲವರು. ಹೆಂಗಸರನ್ನು ನಂಬಿದರೆ ಹೀಗೇ ಎಂದವರೂ ಇದ್ದರು. ಪೆಟ್ಟಿಗೆ ಬದಲಾಗಿರಲಿಲ್ಲ. ಅಂತರ ಎಷ್ಟೆಂದು ಕೇಳಿದ ಪ್ರೇಮಾಬಾಯಿ ಮನಸ್ಸಿನಲ್ಲೇ ಅಂದಿನ ಸಾಲನ್ನು ಒಬ್ಬೊಬ್ಬಳನ್ನಾಗಿ ನೆನೆದಳು. ಆ ಅಂತರಕ್ಕಿಂತ ವೋಟು ಹಾಕದೆ ಹಿಂದಿರುಗಿದ ಹೆಂಗಸರೇ ಹೆಚ್ಚಾಗಿದ್ದರು.

ಸಂಜೆ ಗುಲಾಲು ಎರಚುತ್ತ ಮೆರವಣಿಗೆ ಗಲ್ಲಿಗೆ ಬಂತು. ವಿಶ್ವನಾಥಪ್ಪನವರು ರೇವಣಪ್ಪನ ಮನೆಯ ಮುಂದೆ ನಿಂತು ಅವನ ಹೆಗಲ ಮೇಲೆ ಕೈಯಿಟ್ಟು, "ನಿನ್ನ ಮಗಳು ಬ್ಯಾರೆ ಅಲ್ಲ, ನನ್ನ ಮಗಳು ಬ್ಯಾರೆ ಅಲ್ಲ. ನಾಶಿಕದ ಕಡಿ, ಪಿಂಪಳಗಾಂವ್ ಬಸವಂತದಾಗ ನಮ್ಮ ಉಳ್ಳಾಗಡ್ಡಿ ವ್ಯಾಪಾರದವ್ರು ಛಲೋ ಮನೆತನ ಅದ. ಎರಡು ವರ್ಷ ಹೋಗಲಿ, ನಾನೇ ನಿಂತು ಮದುವಿ ಮಾಡಸ್ತೀನಿ," ಎಂದರು. ರೇವಣಪ್ಪ ಕೈ ಮುಗಿದ. ಬಾಗಿಲ ಸಂದಿಯಲ್ಲಿ ತಾಯಿಯೂ ಮಗಳೂ ಇಬ್ಬರೂ ಕೇಳಿಸಿಕೊಂಡರು.

ಮೂರನೆಯ ದಿನ ಶಾಂತಾಬಾಯಿ ಬಂದಳು. ಬೈದಿದ್ದರೆ ಪ್ರೇಮಾಬಾಯಿಗೆ ಎಷ್ಟೋ ಹಗುರಾಗುತ್ತಿತ್ತು. ಅವಳು ಬೈಯಲಿಲ್ಲ. ಚಹಾ ಕುಡಿದು, "ನಂದೇ ತಪ್ಪು ಪ್ರೇಮಾ. ಒಡಪು ಕಲಿಸಿದೆ, ಎದುರಿಗಿ ಯಾರು ಕುಂದ್ರತಾರಂತ ಯೋಚನಿ ಮಾಡ್ಲಿಲ್ಲ," ಎಂದು ಬೆನ್ನು ಸವರಿ ಹೋದಳು. ಅವಳು ಹೋದ ಮೇಲೆ ಪ್ರೇಮಾಬಾಯಿ ಬಚ್ಚಲಿಗೆ ಹೋಗಿ ಬಿಕ್ಕಿ ಬಿಕ್ಕಿ ಅತ್ತಳು.

ಅಂದು ಮಧ್ಯಾಹ್ನ ಗಂಡನಿಗೆ ಬಡಿಸುವಾಗ ಮಾತು ತಡೆಯಲಾಗಲಿಲ್ಲ. "ಗುರುತು ಅದ ಅಂತ ಒಂದು ಮಾತು ಅಂದಿದ್ರ ಸಾಕಿತ್ರಿ."

ರೇವಣಪ್ಪ ತುತ್ತು ಕೆಳಗಿಟ್ಟ. "ನೀ ಹೇಳ್ತಿ ಅಂತ ಕುಂತಿದ್ದೆ. ಊರಿಗೆಲ್ಲಾ ಒಡಪು ಹೇಳೂ ಹೆಂಗಸು, ಒಂದು ಹೆಸರು ಹೇಳಂಗಿಲ್ಲಂತ ನಂಗ ಹ್ಯಾಂಗ ಗೊತ್ತಾಗಬೇಕು?"

"ನೀವು ಹೇಳ್ತೀರಂತ ನಾ ನಿಂತಿದ್ದೆ."

"ನಿನ್ನ ಗುರುತು ಹಿಡಿದಿದ್ರ ಹಿಂದಿನವ್ರದೂ ಹಿಡೀಬೇಕಾಗ್ತಿತ್ತು. ಸಾಹುಕಾರ್ರಿಗೆ ಏನಂತ ಹೇಳ್ಲಿ?" ಎಂದ. ತಾಟು ಬದಿಗೆ ಸರಿಸಿ, "ತಪ್ಪಾತು," ಎಂದ. ಅವನ ಕಣ್ಣಲ್ಲಿ ನೀರಿತ್ತು. ಅವಳಿಗೆ ಸಿಟ್ಟು ಮಾಡಲೂ ಆಗಲಿಲ್ಲ. ತಾನೂ ಒಂದೇ ಮಾತು ಹೇಳದೆ ಬಂದವಳಲ್ಲವೇ. ಹಾಗಾದರೆ ದರವಾಜೆಯಾಚೆಯ ಶಾಲೆಗಾದರೂ ಕಳಿಸೋಣ ಎಂದು ಕೇಳಿದಳು. ಅವನು ತಲೆಯಾಡಿಸಿದ, ಆಗದು ಎಂದು. ಸಾಹುಕಾರರು ನಾಲ್ಕು ಜನರೆದುರಿಗೆ ಸಂಬಂಧದ ಮಾತು ಆಡಿಬಿಟ್ಟಿದ್ದಾರೆ, ಈಗ ಹುಡುಗಿ ಬಜಾರಿನಲ್ಲಿ ಓಡಾಡಿದರೆ ಅವರೇನಂದಾರು.

ಜೂನ್ ಬಂತು, ಶಾಲೆಗಳು ತೆರೆದವು. ಸರೋಜಿನಿ ಏಳನೆಯದರಲ್ಲಿ ಎರಡನೆಯ ನಂಬರಿಗೆ ಪಾಸಾಗಿದ್ದಳು. ಅಂದು ಬೆಳಿಗ್ಗೆ ಅವಳು ತಾಯಿಯ ಜೊತೆ ಅಂಗಳದಲ್ಲಿ ಕೂತು ಜೋಳದಲ್ಲಿ ಕಲ್ಲು ಆರಿಸುತ್ತಿದ್ದಳು. ಮೂಲೆಯ ಶಾಲೆಯಲ್ಲಿ ಗಂಟೆ ಬಾರಿಸಿತು, ಪ್ರಾರ್ಥನೆ ಮುಗಿಯಿತು, ಆಮೇಲೆ ಹಾಜರಿ ಕೂಗುವ ಸದ್ದು ಸಣ್ಣಗೆ ಕೇಳತೊಡಗಿತು.

"ಅವ್ವಾ," ಎಂದಳು ಹುಡುಗಿ, ಮೊರದಿಂದ ಕಣ್ಣು ತೆಗೆಯದೆ. "ಹಜೇರಿ ಘೇತಾನಾ ನಮ್ಮ ಮಾಸ್ತರಬಾಯಿ ಪೂರಾ ಹೆಸರು ಹೇಳಸ್ತಿದ್ರು. ಸರೋಜಿನಿ ರೇವಣಪ್ಪ ಹುಲಸೂರೆ. ಅಪ್ಪನ ಹೆಸರು ನಾ ರೋಜ್ ಹೇಳ್ತಿದ್ದೆ. ವೋಟಿನ ದಿನ ನನ್ನ ಜೋಡಿ ಕರಕೊಂಡು ಹೋಗಿದ್ರ ನಾನೇ ಹೇಳ್ತಿದ್ದೆ ಅವ್ವಾ."

ಪ್ರೇಮಾಬಾಯಿಯ ಕೈ ನಿಂತಿತು.

"ಜಾವು ದೇ," ಎಂದಳು ಸರೋಜಿನಿ, ಹೋಗಲಿ ಬಿಡು ಎಂಬಂತೆ. "ಈಗ ನನ್ನ ಪೂರಾ ಹೆಸರು ಯಾರೂ ಕೇಳೂದಿಲ್ಲಲಾ." ಮೊರ ಬದಿಗಿಟ್ಟು ಎದ್ದು, ಅಪ್ಪ ಊಟಕ್ಕೆ ಬರುವ ಹೊತ್ತಾಗುತ್ತದೆ, ಒಲೆ ಹೊತ್ತಿಸಲೇ ಎಂದು ಕೇಳಿದಳು. ಪ್ರೇಮಾಬಾಯಿ ಹೂಂ ಎಂದಳು.